ಹಳೆಯ ಗಣಕಯಂತ್ರಗಳು ಮತ್ತು ಪ್ರಿಂಟರುಗಳು: ಆರೈಕೆ ಮತ್ತು ಉಪಯೋಗ

ಸೂರತ್ತಿನ ರಿಂಗ್ ರಸ್ತೆಯ ಜವಳಿ ಮಾರುಕಟ್ಟೆಗಳಲ್ಲಿ ಸಂಜೆ ಪಾರ್ಸೆಲ್ಲುಗಳನ್ನು ಕಟ್ಟುವ ವೇಳೆಗೆ ಹೋದವರಿಗೆ ಒಂದು ಸದ್ದು ತಪ್ಪದೆ ಕೇಳಿಸುತ್ತದೆ. ಸೀರೆಯ ಗಂಟುಗಳಾಚೆ, ಮೂಲೆಯೊಂದರಲ್ಲಿ, ಹಳದಿಗಟ್ಟಿದ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರೊಂದು ಕಿರ್ರೆಂದು ಕಿರುಚುತ್ತ ಬಿಲ್ಲನ್ನು ಅಚ್ಚು ಹಾಕುತ್ತಿರುತ್ತದೆ. 'ಮಹೇತಾಜಿ' ಎಂದು ಗುಜರಾತಿಗಳು ಗೌರವದಿಂದ ಕರೆಯುವ ಲೆಕ್ಕಿಗರು ಅಂಚಿನಲ್ಲಿ ರಂಧ್ರಗಳುಳ್ಳ ಕಾಗದವನ್ನು ಹರಿದು, ಪ್ರತಿಗಳನ್ನು ಬೇರ್ಪಡಿಸಿ, ಸರಕಿನೊಂದಿಗೆ ಕಳುಹಿಸಿಕೊಡುತ್ತಾರೆ. ಆ ಸರಕು ಬೆಂಗಳೂರಿನ ಚಿಕ್ಕಪೇಟೆಯವರೆಗೂ ಹೋಗುವುದುಂಟು.

ಕರ್ನಾಟಕದಿಂದ ಬಂದು ಇಲ್ಲಿ ನೆಲೆಸಿದವರಿಗೆ ಈ ಮೂಲೆಯ ಯಂತ್ರಗಳು ಅಷ್ಟೇನೂ ಪರಕೀಯವಲ್ಲ. ಇಂತಹ ಪ್ರಿಂಟರುಗಳನ್ನು ದೇಶದಾದ್ಯಂತ ಹರಡಿದ ಟಿ.ವಿ.ಎಸ್. ಎಲೆಕ್ಟ್ರಾನಿಕ್ಸ್ ಸಂಸ್ಥೆಯ ಕಾರ್ಖಾನೆ ತುಮಕೂರಿನಲ್ಲಿದೆ. ವಿಪ್ರೋದಿಂದ 2000ನೆಯ ಇಸವಿಯಲ್ಲಿ ಬೇರ್ಪಟ್ಟ ವೆಪ್ ಸಂಸ್ಥೆ ತನ್ನ ಪ್ರಿಂಟರುಗಳನ್ನು ಮೈಸೂರಿನಲ್ಲಿ ತಯಾರಿಸಿತು. ಬಿಲ್ಲನ್ನು ಬರೆಯುವ ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶ 1986ರಿಂದ ಬೆಂಗಳೂರಿನಲ್ಲಿ ಬೆಳೆದುದು. ಗುಜರಾತಿನ ವ್ಯಾಪಾರ ಹೀಗೆ ಬಹುಕಾಲದಿಂದ ಕನ್ನಡ ನಾಡಿನ ಯಂತ್ರದ ಮೇಲೆಯೇ ಅಚ್ಚಾಗುತ್ತಿದೆ.

ಈ ಯಂತ್ರಗಳನ್ನು ಹಳೆಯವೆಂದು ತೆಗೆದುಹಾಕದಿರಲು ಕಾರಣ ಜಿಪುಣತನವೆಂದು ಕೆಲವರು ಭಾವಿಸುತ್ತಾರೆ. ಆದರೆ ಕಾರಣ ಕಾನೂನಿನಲ್ಲಿಯೇ ಇದೆ. 2017ರ ಜುಲೈ 1ರಂದು ಜಾರಿಗೆ ಬಂದ ಸರಕು ಮತ್ತು ಸೇವಾ ತೆರಿಗೆಯ ನಿಯಮಗಳ ಪ್ರಕಾರ ಸರಕಿನ ಬಿಲ್ಲಿಗೆ ಮೂರು ಪ್ರತಿಗಳಿರಬೇಕು: ಮೊದಲನೆಯದು ಕೊಳ್ಳುವವರಿಗೆ, ಎರಡನೆಯದು ಸಾಗಣೆದಾರರಿಗೆ, ಮೂರನೆಯದು ಮಾರುವವರಿಗೆ. ಲೇಸರ್ ಪ್ರಿಂಟರ್ ಕಾಗದದ ಮೇಲೆ ಪುಡಿಯನ್ನು ಅಂಟಿಸುತ್ತದೆ, ಇಂಕ್‌ಜೆಟ್ ಶಾಯಿಯನ್ನು ಚಿಮ್ಮಿಸುತ್ತದೆ. ಇವೆರಡೂ ಕಾಗದವನ್ನು ಒತ್ತುವುದಿಲ್ಲವಾದ್ದರಿಂದ ಮೂರು ಪ್ರತಿಗಳಿಗೆ ಮೂರು ಬಾರಿ ಅಚ್ಚು ಹಾಕಬೇಕಾಗುತ್ತದೆ. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಾದರೋ ಕಾಗದವನ್ನು ಬಡಿಯುತ್ತದೆ. ಬಡಿದ ಪೆಟ್ಟು ಕಾರ್ಬನ್ನಿನ ಮೂಲಕ ಕೆಳಗಿನ ಹಾಳೆಗಳಿಗೂ ಇಳಿಯುವುದರಿಂದ ಒಂದೇ ಓಟದಲ್ಲಿ ಮೂರು ಪ್ರತಿಗಳೂ ಸಿದ್ಧವಾಗುತ್ತವೆ.

ವಾಣಿಜ್ಯದ ಲೆಕ್ಕದಲ್ಲಿ ನೋಡಿದರೂ ಒಂದು ವಿಚಿತ್ರ ಕಂಡುಬರುತ್ತದೆ. ಆದಾಯ ತೆರಿಗೆಯ ನಿಯಮಗಳಲ್ಲಿ ಕಂಪ್ಯೂಟರುಗಳ ಸವಕಳಿಯ ದರ ಹಿಂದೆ ಶೇಕಡಾ 60 ಇದ್ದು, 2017ರಿಂದ ಶೇಕಡಾ 40ಕ್ಕೆ ಇಳಿಯಿತು. ಈ ಇಳಿದ ದರದಲ್ಲಿಯೂ ಒಂದು ಲಕ್ಷ ರೂಪಾಯಿಯ ಯಂತ್ರದ ಪುಸ್ತಕ ಬೆಲೆ ಐದು ವರ್ಷಗಳ ಕೊನೆಗೆ 7,776 ರೂಪಾಯಿಗೆ ಬಂದು ನಿಲ್ಲುತ್ತದೆ. ಹತ್ತು ವರ್ಷದ ಯಂತ್ರವೆಂದರೆ ಲೆಕ್ಕಪುಸ್ತಕದಲ್ಲಿ ಇಲ್ಲವೆಂದೇ ಅರ್ಥ. ಆದರೆ ಆ ಇಲ್ಲದ ಯಂತ್ರದೊಳಗೆ ಅಂಗಡಿಯ ಸಾಲ, ಬಾಕಿ, ದಾಸ್ತಾನು ಎಲ್ಲವೂ ಇರುತ್ತವೆ. ಹಳೆಯ ವರ್ಷವೊಂದರ ಲೆಕ್ಕವನ್ನು ಕೇಳಿ ಇಲಾಖೆಯಿಂದ ನೋಟೀಸು ಬಂದ ದಿನ ಯಂತ್ರ ಚಾಲೂ ಆಗದಿದ್ದರೆ ಉಂಟಾಗುವ ಕಷ್ಟಕ್ಕೆ ಸವಕಳಿಯ ಕೋಷ್ಟಕದಲ್ಲಿ ಸ್ಥಾನವಿಲ್ಲ. ಜಿ.ಎಸ್.ಟಿ. ಕಾಯಿದೆಯಂತೆ ಲೆಕ್ಕಗಳನ್ನು ವಾರ್ಷಿಕ ರಿಟರ್ನಿನ ಕೊನೆಯ ದಿನಾಂಕದಿಂದ 72 ತಿಂಗಳು ಕಾಪಾಡಬೇಕು. 2013ರ ಕಂಪನಿ ಕಾಯಿದೆಯಂತೆ ಕಂಪನಿಗಳು 8 ಆರ್ಥಿಕ ವರ್ಷಗಳ ಪುಸ್ತಕಗಳನ್ನು ಉಳಿಸಿಕೊಳ್ಳಬೇಕು.

ಪ್ರಿಂಟರಿನ ಒಳಗು

ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನ ಹೆಡ್‌ನಲ್ಲಿ ಸಾಮಾನ್ಯವಾಗಿ 9 ಸೂಜಿಗಳು ಮೇಲಿಂದ ಕೆಳಕ್ಕೆ ಸಾಲಾಗಿ ನಿಂತಿರುತ್ತವೆ; ಬ್ಯಾಂಕುಗಳ ಪಾಸ್‌ಬುಕ್ ಪ್ರಿಂಟರುಗಳಲ್ಲಿ 24 ಸೂಜಿಗಳಿರುತ್ತವೆ. ಪ್ರತಿಯೊಂದು ಸೂಜಿಯ ಹಿಂದೆ ಪುಟ್ಟದೊಂದು ವಿದ್ಯುತ್ಕಾಂತವಿದೆ. ವಿದ್ಯುತ್ತು ಹರಿದೊಡನೆ ಸೂಜಿ ಮುನ್ನುಗ್ಗಿ, ಶಾಯಿಯ ರಿಬ್ಬನ್ನನ್ನು ಕಾಗದಕ್ಕೆ ತಾಕಿಸಿ, ಒಂದು ಚುಕ್ಕಿಯನ್ನು ಮೂಡಿಸಿ ಹಿಂದಿರುಗುತ್ತದೆ. ಹೆಡ್ ಅಡ್ಡಲಾಗಿ ಓಡುತ್ತಿರುವಾಗ ಇಂತಹ ಚುಕ್ಕಿಗಳು ಸೇರಿ ಅಕ್ಷರಗಳಾಗುತ್ತವೆ. 1980ರಲ್ಲಿ ಬಂದ ಎಪ್ಸನ್ ಎಂ.ಎಕ್ಸ್.-80 ಪ್ರಿಂಟರಿನಿಂದ ಬೆಳೆದ ಆಜ್ಞಾಭಾಷೆಯನ್ನೇ ಮುಂದೆ ಹಲವು ತಯಾರಕರು ಅನುಸರಿಸಿದರು. ಹಳೆಯ ತಂತ್ರಾಂಶ ಹೊಸ ಪ್ರಿಂಟರಿಗೂ ಹೊಸ ತಂತ್ರಾಂಶ ಹಳೆಯ ಪ್ರಿಂಟರಿಗೂ ಹೊಂದಿಕೊಳ್ಳುವುದು ಇದರಿಂದಲೇ ಸಾಧ್ಯವಾಗಿದೆ.

ಇಷ್ಟು ತಿಳಿದರೆ ಆರೈಕೆಯ ಬಹುಪಾಲು ತಾನೇ ಅರ್ಥವಾಗುತ್ತದೆ. ರಿಬ್ಬನ್ನಿನ ಶಾಯಿಯಲ್ಲಿ ಬಣ್ಣದ ಜೊತೆಗೆ ಎಣ್ಣೆಯ ಅಂಶವೂ ಇರುತ್ತದೆ. ಸೂಜಿಗಳು ಸರಾಗವಾಗಿ ಓಡಾಡುವುದು ಆ ಎಣ್ಣೆಯಿಂದ. ಬಣ್ಣ ಮಾಸಿದ ರಿಬ್ಬನ್ನಿಗೆ ರಬ್ಬರ್ ಸ್ಟಾಂಪಿನ ಶಾಯಿ ಹನಿಸಿ ಇನ್ನೊಂದು ತಿಂಗಳು ದೂಡುವ ಅಭ್ಯಾಸ ಅನೇಕ ಕಡೆಗಳಲ್ಲಿದೆ. ಸ್ಟಾಂಪಿನ ಶಾಯಿಯಲ್ಲಿ ಆ ಎಣ್ಣೆಯಿಲ್ಲ, ಒಣಗಿದರೆ ಸೂಜಿಯ ಸಂದುಗಳಲ್ಲಿ ಗಟ್ಟಿಯಾಗಿ ಕೂರುತ್ತದೆ. ರಿಬ್ಬನ್ನಿನಲ್ಲಿ ಉಳಿದ ಹಣ ಹೆಡ್‌ಗೆ ಹೋಗುತ್ತದೆ, ಅದೂ ಹಲವು ಪಾಲು ಹೆಚ್ಚಾಗಿ. ಎಳೆ ಬಿಟ್ಟ ರಿಬ್ಬನ್ನಂತೂ ಕೂಡಲೇ ಬದಲಾಗಬೇಕು. ಬಿಟ್ಟ ಎಳೆಗೆ ಸೂಜಿ ಸಿಕ್ಕಿಕೊಂಡರೆ ಮುರಿಯುತ್ತದೆ, ಆಮೇಲೆ ಪ್ರತಿ ಸಾಲಿನಲ್ಲಿಯೂ ಒಂದು ಬಿಳಿಯ ಗೆರೆ ಕಾಣಿಸಿಕೊಳ್ಳುತ್ತದೆ. ಅಂಕಿಗಳಲ್ಲಿ ಈ ಗೆರೆ ಬಿದ್ದರೆ 8 ಯಾವುದು, 0 ಯಾವುದು ಎಂಬ ಸಂದೇಹ ಹುಟ್ಟುತ್ತದೆ.

ಹೆಡ್‌ಗೂ ಕಾಗದ ಸುತ್ತುವ ರಬ್ಬರ್ ಉರುಳೆಗೂ ನಡುವಿನ ಅಂತರವನ್ನು ಹೊಂದಿಸಲು ಬದಿಯಲ್ಲಿ ಚಿಕ್ಕ ಸನ್ನೆಯೊಂದಿರುತ್ತದೆ. ಬಹಳ ಮಂದಿ ಅದನ್ನು ಮುಟ್ಟುವುದೇ ಇಲ್ಲ. ಮೂರು ಪ್ರತಿಗಳ ಕಾಗದಕ್ಕೆ ಅಂತರ ಹೆಚ್ಚಬೇಕು, ಒಂಟಿ ಹಾಳೆಗೆ ಕಡಿಮೆಯಾಗಬೇಕು. ದಪ್ಪ ಕಾಗದಕ್ಕೆ ಅಂತರ ಸಾಲದಿದ್ದರೆ ಹೆಡ್ ಉಜ್ಜಿಕೊಂಡು ರಿಬ್ಬನ್ ಸಿಕ್ಕುಬೀಳುತ್ತದೆ. ಅಂತರ ಹೆಚ್ಚಾದರೆ ಮೂರನೆಯ ಪ್ರತಿ ಮಸುಕಾಗುತ್ತದೆ. ಮೂರನೆಯ ಪ್ರತಿ ಮಾರುವವನದೇ ಆದ್ದರಿಂದ, ತನ್ನ ದಾಖಲೆಯೇ ಎಲ್ಲಕ್ಕಿಂತ ಮಸುಕಾಗಿರುವುದು ವರ್ತಕನ ಗಮನಕ್ಕೆ ಬರುವುದು ತಡವಾಗಿ.

ಸೂರತ್ತಿನ ಅಂಗಡಿಗಳಲ್ಲಿ ಪ್ರಿಂಟರಿನ ಮುಖ್ಯ ಶತ್ರು ಬಟ್ಟೆಯ ನವಿರಾದ ಜುಂಗು. ಅದು ಹೆಡ್ ಓಡಾಡುವ ಉಕ್ಕಿನ ಸರಳಿನ ಮೇಲೆ ಕುಳಿತು ಹಳೆಯ ಎಣ್ಣೆಯೊಡನೆ ಬೆರೆತು ಅಂಟಾಗುತ್ತದೆ. ಹೆಡ್ ತಡೆದು ತಡೆದು ಓಡತೊಡಗಿದಾಗ ನಿಂತ ಗೆರೆಗಳು ಸೊಟ್ಟಗಾಗುತ್ತವೆ. ವಾರಕ್ಕೊಮ್ಮೆ ವಿದ್ಯುತ್ತನ್ನು ಪೂರ್ತಿಯಾಗಿ ಬಿಡಿಸಿ, ಮೃದುವಾದ ಕುಂಚದಿಂದ ಜುಂಗನ್ನು ತೆಗೆದು, ಸರಳನ್ನು ಒಣಬಟ್ಟೆಯಿಂದ ಒರೆಸಿದರೆ ಸಾಕು. ಎಣ್ಣೆ ಹಾಕುವುದಿದ್ದರೆ ತಯಾರಕರು ಹೇಳಿದ ತೆಳುವಾದ ಎಣ್ಣೆಯನ್ನೇ, ಹೇಳಿದ ಕಡೆ ಮಾತ್ರ, ಬಟ್ಟೆಯ ತುದಿಯಿಂದ ಸವರಬೇಕು. ಮನೆಯಲ್ಲಿರುವ ಕೊಬ್ಬರಿ ಎಣ್ಣೆ ತಲೆಗೆ ತಂಪೆಂಬುದು ನಿಜವಾದರೂ ಪ್ರಿಂಟರಿನ ತಲೆಗೆ ಸಲ್ಲದು. ಬಹಳ ಹೊತ್ತು ಕೆಲಸ ಮಾಡಿದ ಹೆಡ್ ಕಾದಿರುತ್ತದೆ. ಕೂಡಲೇ ಬೆರಳಿನಿಂದ ಮುಟ್ಟಬಾರದು.

ಅಚ್ಚು ಬಾರದಿದ್ದಾಗ ತಪ್ಪು ಪ್ರಿಂಟರಿನದೋ ಕಂಪ್ಯೂಟರಿನದೋ ಎಂದು ಮೊದಲು ತಿಳಿಯಬೇಕು. ಅನೇಕ ಪ್ರಿಂಟರುಗಳಲ್ಲಿ ಕಾಗದ ಸರಿಸುವ ಗುಂಡಿಯನ್ನು ಒತ್ತಿ ಹಿಡಿದು ಸ್ವಿಚ್ ಹಾಕಿದರೆ ಯಂತ್ರವು ತನ್ನಷ್ಟಕ್ಕೆ ತಾನೇ ಅಕ್ಷರಗಳನ್ನು ಅಚ್ಚು ಹಾಕುತ್ತದೆ. ಈ ಸ್ವಪರೀಕ್ಷೆ ಸರಿಯಾಗಿ ಬಂದರೆ ಪ್ರಿಂಟರ್ ಆರೋಗ್ಯವಾಗಿದೆಯೆಂದೂ ದೋಷವು ಕೇಬಲಿನಲ್ಲಿ ಅಥವಾ ಕಂಪ್ಯೂಟರಿನಲ್ಲಿದೆಯೆಂದೂ ತಿಳಿಯಬಹುದು. ಕಾರೀಗರನನ್ನು ಕರೆಸುವ ಮುನ್ನ ಎರಡು ನಿಮಿಷ ಇದಕ್ಕೆ ವ್ಯಯಿಸುವುದು ಲಾಭಕರ.

ಹೊಸ ಕಂಪ್ಯೂಟರಿಗೆ ಹಳೆಯ ಪ್ರಿಂಟರನ್ನು ಜೋಡಿಸುವಾಗ ಬೇರೊಂದು ತೊಡಕು ಎದುರಾಗುತ್ತದೆ. ಹಳೆಯ ಪ್ರಿಂಟರಿನ ಅಗಲವಾದ ಪ್ಯಾರಲಲ್ ಕೇಬಲಿಗೆ ಹೊಸ ಯಂತ್ರಗಳಲ್ಲಿ ಸ್ಥಳವಿಲ್ಲ. ಯು.ಎಸ್.ಬಿ.ಗೆ ಬದಲಿಸುವ ಕೇಬಲು ದೊರೆಯುತ್ತದೆ, ವಿಂಡೋಸಿನಿಂದ ಅಚ್ಚು ಹಾಕಲು ಅದು ಸಾಕಾಗುತ್ತದೆ. ಆದರೆ ಡಾಸ್ ಕಾಲದ ಫಾಕ್ಸ್‌ಪ್ರೋ, ಕ್ಲಿಪರ್ ಮುಂತಾದವುಗಳಲ್ಲಿ ಬರೆದ ಲೆಕ್ಕದ ತಂತ್ರಾಂಶಗಳು ನೇರವಾಗಿ ಎಲ್.ಪಿ.ಟಿ.-1 ಎಂಬ ದ್ವಾರವನ್ನೇ ಹುಡುಕುತ್ತವೆ. ಕಂಪ್ಯೂಟರಿನೊಳಗೆ ಪ್ಯಾರಲಲ್ ಕಾರ್ಡನ್ನು ಹಾಕಿಸುವುದು ಒಂದು ದಾರಿ. ಪ್ರಿಂಟರನ್ನು ಜಾಲದಲ್ಲಿ ಹಂಚಿಕೊಂಡು ಆ ಹೆಸರಿಗೆ ತಿರುಗಿಸುವುದು ಇನ್ನೊಂದು. ಅಂತಹ ತಂತ್ರಾಂಶ 64 ಬಿಟ್ಟಿನ ವಿಂಡೋಸಿನಲ್ಲಿ ನೇರವಾಗಿ ನಡೆಯುವುದೂ ಇಲ್ಲ. ಹಳೆಯ ಕಂಪ್ಯೂಟರನ್ನು ಉಳಿಸಿಕೊಳ್ಳಲು ಹಲವರಿಗೆ ಇದೊಂದೇ ಕಾರಣವಾಗಿದೆ.

2023ರ ಆಗಸ್ಟ್ 1ರಿಂದ ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿಗಳನ್ನು ಮೀರಿದ ವರ್ತಕರು ವ್ಯಾಪಾರಿಗಳಿಗೆ ನೀಡುವ ಬಿಲ್ಲುಗಳ ಮೇಲೆ ಕ್ಯೂ.ಆರ್. ಚೌಕವೂ ಇರಬೇಕಾಗಿದೆ. ಒಂಬತ್ತು ಸೂಜಿಗಳ ಪ್ರಿಂಟರಿಗೆ ಇದು ಕಠಿಣ ಪರೀಕ್ಷೆ. ಹೊಸ ರಿಬ್ಬನ್ನಿನ ಶಾಯಿ ಹರಡಿಕೊಂಡು ಚೌಕದ ಬಿಳಿಯ ಮನೆಗಳು ತುಂಬಿಹೋಗುವುದುಂಟು. ಚೌಕವನ್ನು ದೊಡ್ಡದಾಗಿ ಅಚ್ಚು ಹಾಕಿ, ಕಳುಹಿಸುವ ಮೊದಲು ಫೋನಿನಿಂದ ಓದಿಸಿ ನೋಡಬೇಕು. ಓದಲಾಗದಿದ್ದರೆ ಅಂತಹ ಬಿಲ್ಲುಗಳಿಗೆ ಮಾತ್ರ ಲೇಸರನ್ನು ಬಳಸುವುದೇ ವಿವೇಕ. ಹಳೆಯ ಯಂತ್ರದ ಮೇಲಿನ ಮೋಹಕ್ಕಾಗಿ ಸರಕನ್ನು ದಾರಿಯಲ್ಲಿ ನಿಲ್ಲಿಸಿಕೊಳ್ಳಬಾರದು.

ಕಂಪ್ಯೂಟರಿನ ಮುಪ್ಪು

ಅಹಮದಾಬಾದಿನ ಬೇಸಗೆ ಮನುಷ್ಯರಿಗೆ ಮಾತ್ರವಲ್ಲ, ಯಂತ್ರಗಳಿಗೂ ಕಠೋರವಾದುದು. 2016ರ ಮೇ 20ರಂದು ಅಲ್ಲಿ 48 ಡಿಗ್ರಿ ಸೆಲ್ಸಿಯಸ್ ಉಷ್ಣತೆ ದಾಖಲಾಯಿತು. ಹೊರಗಿನ ಗಾಳಿಯೇ ಹೀಗೆ ಕಾದಿರುವಾಗ ಧೂಳು ಮುಚ್ಚಿದ ಫ್ಯಾನು ಯಂತ್ರವನ್ನು ತಣಿಸಲಾರದು. ವರ್ಷಕ್ಕೆರಡು ಬಾರಿಯಾದರೂ, ಮುಖ್ಯವಾಗಿ ಹೋಳಿಯ ನಂತರ, ಪೆಟ್ಟಿಗೆಯನ್ನು ತೆರೆದು ಧೂಳು ತೆಗೆಸಬೇಕು. ಗಾಳಿ ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದಿಡಬೇಕು. ಈ ಕೆಲಸವನ್ನು ಮನೆಯ ಹೊರಗೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಮಾಡುವುದು ಒಳ್ಳೆಯದು; ಆಸ್ತಮಾ ಇರುವವರು ಇದರ ಗೋಜಿಗೆ ಹೋಗಬಾರದು. ವಿದ್ಯುತ್ ಪೂರೈಸುವ ಎಸ್.ಎಂ.ಪಿ.ಎಸ್. ಡಬ್ಬಿಯನ್ನೂ ಹಳೆಯ ಗಾಜಿನ ಮಾನಿಟರನ್ನೂ ಮನೆಯಲ್ಲಿ ತೆರೆಯಲೇಕೂಡದು. ಸ್ವಿಚ್ ಆರಿಸಿದ ಮೇಲೆಯೂ ಅವುಗಳೊಳಗೆ ಪ್ರಾಣಾಪಾಯದ ವಿದ್ಯುತ್ತು ಉಳಿದಿರಬಹುದು.

ದಿನಾಂಕ ತಪ್ಪಾಗಿ ತೋರಿಸುವುದು ಮುಪ್ಪಿನ ಮೊದಲ ಲಕ್ಷಣಗಳಲ್ಲೊಂದು. ಮದರ್‌ಬೋರ್ಡಿನ ಮೇಲಿನ ನಾಣ್ಯದಾಕಾರದ 3 ವೋಲ್ಟಿನ ಬ್ಯಾಟರಿ ಮುಗಿದಿದೆಯೆಂದು ಅದರ ಅರ್ಥ. ಅಲ್ಪ ಬೆಲೆಯ ಈ ಬಿಲ್ಲೆಯನ್ನು ಬದಲಿಸದೆ ಬಿಟ್ಟರೆ ರಸೀತಿಗಳ ಮೇಲೆ ಯಾವುದೋ ಹಿಂದಿನ ವರ್ಷ ಬೀಳುತ್ತದೆ, ಅದನ್ನು ಲೆಕ್ಕ ತಪಾಸಣೆಯಲ್ಲಿ ವಿವರಿಸುವುದು ಸುಲಭವಲ್ಲ. 1980-90ರ ದಶಕಗಳ ಅನೇಕ ಬೋರ್ಡುಗಳಲ್ಲಿ ಬೆಸೆದಿರುತ್ತಿದ್ದ ನಿಕೆಲ್-ಕ್ಯಾಡ್ಮಿಯಂ ಬ್ಯಾಟರಿಯಾದರೋ ಸೋರಿ, ಬೋರ್ಡಿನ ತಾಮ್ರದ ಗೆರೆಗಳನ್ನೇ ತಿಂದುಹಾಕುತ್ತದೆ. ಅಂತಹ ಯಂತ್ರ ಯಾರಲ್ಲಾದರೂ ಇದ್ದರೆ ಬ್ಯಾಟರಿಯನ್ನು ಇಂದೇ ತೆಗೆಸುವುದು ಲೇಸು. 2000ದ ಆಸುಪಾಸಿನ ವರ್ಷಗಳ ಬೋರ್ಡುಗಳಲ್ಲಿ ಕೆಪಾಸಿಟರುಗಳ ನೆತ್ತಿ ಉಬ್ಬಿರುವುದನ್ನು ಕಣ್ಣಿನಿಂದಲೇ ಗುರುತಿಸಬಹುದು. ಆಗ ಬೋರ್ಡನ್ನು ಎಸೆಯದೆ ಕೆಪಾಸಿಟರುಗಳನ್ನು ಬದಲಿಸುವ ಕಾರೀಗರನನ್ನು ಹುಡುಕಬೇಕು.

ಹಾರ್ಡ್ ಡಿಸ್ಕಿಗೆ ಮಾತ್ರ ಇಂತಹ ಔಷಧಿಯಿಲ್ಲ. ಟಿಕ್ ಟಿಕ್ ಸದ್ದು ಕೇಳಿಬಂದರೆ ಅಂದೇ ಅದರಲ್ಲಿರುವುದನ್ನೆಲ್ಲ ಬೇರೆಡೆಗೆ ನಕಲು ಮಾಡಬೇಕು. ಹಳೆಯ ಡಿಸ್ಕಿನ ಪೂರ್ಣ ಪ್ರತಿಯನ್ನು ಹೊಸ ಸ್ಮೃತಿ ಕಾರ್ಡಿಗೆ ಇಳಿಸಿ, ಚಿಕ್ಕದೊಂದು ಪರಿವರ್ತಕದ ಮೂಲಕ ಹಳೆಯ ಯಂತ್ರಕ್ಕೇ ಜೋಡಿಸಬಹುದು. ಯಂತ್ರಕ್ಕೆ ವ್ಯತ್ಯಾಸ ತಿಳಿಯುವುದಿಲ್ಲ, ವೇಗವೂ ಹೆಚ್ಚಾಗುತ್ತದೆ.

ಹಳೆಯ ಯಂತ್ರಕ್ಕೆ ಒಪ್ಪುವ ಕೆಲಸ, ಒಪ್ಪದ ಕೆಲಸ ಎಂದು ಬೇರೆಬೇರೆ ಇವೆ. ವಿಂಡೋಸ್ ಎಕ್ಸ್.ಪಿ.ಗೆ 2014ರ ಏಪ್ರಿಲ್ 8ಕ್ಕೆ, ವಿಂಡೋಸ್ 7ಕ್ಕೆ 2020ರ ಜನವರಿ 14ಕ್ಕೆ ತಯಾರಕರ ಸಾಮಾನ್ಯ ರಕ್ಷಣೆ ಕೊನೆಗೊಂಡಿತು. ಇಂತಹ ಯಂತ್ರಗಳಲ್ಲಿ ಬ್ಯಾಂಕಿನ ವಹಿವಾಟನ್ನು ನಡೆಸಲೇಬಾರದು. ಇಂಟರ್ನೆಟ್ಟಿನ ತಂತಿಯನ್ನೇ ಕಳಚಿಡಬೇಕು. ಕಂಪನಿಗಳು 2023ರ ಏಪ್ರಿಲ್ 1ರಿಂದ ಪ್ರತಿಯೊಂದು ತಿದ್ದುಪಡಿಯ ಜಾಡನ್ನು ಉಳಿಸುವ ತಂತ್ರಾಂಶದಲ್ಲಿಯೇ ಲೆಕ್ಕ ಬರೆಯಬೇಕೆಂಬ ನಿಯಮವೂ ಇದೆ. ಆದುದರಿಂದ ಪ್ರೈವೇಟ್ ಲಿಮಿಟೆಡ್ ಸಂಸ್ಥೆಯೊಂದು ಚಾಲ್ತಿ ವರ್ಷದ ಲೆಕ್ಕವನ್ನು ಹಳೆಯ ಟ್ಯಾಲಿಯಲ್ಲಿ ಬರೆಯುವಂತಿಲ್ಲ. ಹಿಂದಿನ ವರ್ಷಗಳ ಲೆಕ್ಕವನ್ನು ತೆರೆದು ನೋಡುವುದಕ್ಕೆ, ಬೇಕಾದ ಪುಟವನ್ನು ಅಚ್ಚು ಹಾಕುವುದಕ್ಕೆ ಅದೇ ಯಂತ್ರ ಧಾರಾಳವಾಗಿ ಸಾಕು.

ವಡೋದರಾದ ಮಕರಪುರಾದಂತಹ ಕೈಗಾರಿಕಾ ವಸಾಹತುಗಳಲ್ಲಿ ಹಳೆಯ ಕಂಪ್ಯೂಟರಿಗೆ ಇನ್ನೊಂದು ಬಗೆಯ ಕೆಲಸವುಂಟು. 1990ರ ದಶಕದ ಸಿ.ಎನ್.ಸಿ. ಲೇತುಗಳು ಲೋಹವನ್ನು ಇಂದಿಗೂ ನಿಖರವಾಗಿ ಕತ್ತರಿಸಬಲ್ಲವು. ಆದರೆ ಅವುಗಳಿಗೆ ಆಜ್ಞೆಗಳನ್ನು ಕಳುಹಿಸಬೇಕಾದುದು ಫ್ಲಾಪಿಯ ಮೂಲಕ ಅಥವಾ ಆರ್.ಎಸ್.-232 ಎಂಬ ಹಳೆಯ ಸೀರಿಯಲ್ ದ್ವಾರದ ಮೂಲಕ. ಆ ದ್ವಾರವುಳ್ಳ ಹಳೆಯ ಕಂಪ್ಯೂಟರೊಂದು ಲಕ್ಷಾಂತರ ರೂಪಾಯಿಯ ಲೇತಿಗೆ ಬಾಯಿ ಇದ್ದಂತೆ. ಇಂತಹ ಅನೇಕ ಲೇತುಗಳ ನಿಯಂತ್ರಕದ ಸ್ಮೃತಿ ಬ್ಯಾಟರಿಯಿಂದ ಉಳಿದಿರುತ್ತದೆ. ಅಂತಹವುಗಳಲ್ಲಿ ಬ್ಯಾಟರಿಯನ್ನು ಯಂತ್ರ ಚಾಲೂ ಇರುವಾಗಲೇ, ತಯಾರಕರ ಸೂಚನೆಯಂತೆ ಬದಲಿಸಬೇಕು. ಸ್ವಿಚ್ ಆರಿಸಿ ಬದಲಿಸಿದರೆ ಎಲ್ಲ ಅಳತೆಗಳೂ ಅಳಿಸಿಹೋಗಬಹುದು.

ಒಂದೇ ಕಡೆ ಇಟ್ಟ ಲೆಕ್ಕ

ಸೂರತ್ತಿನವರಿಗೆ 2006ರ ಆಗಸ್ಟ್ ತಿಂಗಳನ್ನು ನೆನಪಿಸಬೇಕಾಗಿಲ್ಲ. ತಾಪಿ ನದಿಯ ಪ್ರವಾಹ ನಗರದ ಬಹುಭಾಗವನ್ನು ಮುಳುಗಿಸಿತು. ವಡೋದರಾದಲ್ಲಿ 2024ರ ಆಗಸ್ಟಿನಲ್ಲಿ ವಿಶ್ವಾಮಿತ್ರಿ ಉಕ್ಕಿತು. ನೆಲದ ಮೇಲಿಟ್ಟ ಕಂಪ್ಯೂಟರಿನ ಪೆಟ್ಟಿಗೆಗೆ ಮೊಣಕಾಲುದ್ದದ ನೀರೇ ಸಾಕು. ನೀರು ಹೊಕ್ಕ ಯಂತ್ರವನ್ನು 'ನಡೆಯುತ್ತದೆಯೋ ನೋಡೋಣ' ಎಂದು ಚಾಲೂ ಮಾಡುವುದು ದೊಡ್ಡ ತಪ್ಪು. ಅದನ್ನು ಬಿಚ್ಚಿಸಿ, ಬೋರ್ಡುಗಳ ಕೆಸರನ್ನು ಶುದ್ಧ ನೀರಿನಿಂದ ತೊಳೆಸಿ, ಹಲವು ದಿನ ನೆರಳಿನಲ್ಲಿ ಒಣಗಿಸಿದ ಬಳಿಕವಷ್ಟೇ ಪರೀಕ್ಷಿಸಬೇಕು. ಡಿಸ್ಕನ್ನು ಮಾತ್ರ ತೆರೆಯದೆ, ವಿದ್ಯುತ್ತನ್ನೂ ಕೊಡದೆ, ತಜ್ಞರಿಗೆ ಒಪ್ಪಿಸಬೇಕು. ಇದಕ್ಕೆಲ್ಲ ಮೊದಲು ಯಂತ್ರವನ್ನು ಮೇಜಿನ ಮೇಲಿಡುವುದಕ್ಕೆ ಏನೂ ಖರ್ಚಿಲ್ಲ.

ಲೆಕ್ಕಗಳ ಒಂದು ಪ್ರತಿ ಅಂಗಡಿಯಲ್ಲಿಯೂ ಒಂದು ಮನೆಯಲ್ಲಿಯೂ ಒಂದು ಬೇರೆ ಊರಿನಲ್ಲಿಯೂ ಇರತಕ್ಕದ್ದು. ಪ್ರತಿ ಮಾಡಿದರಷ್ಟೇ ಸಾಲದು, ಅದನ್ನು ಬೇರೆ ಯಂತ್ರದಲ್ಲಿ ತೆರೆದು ಹಿಂದಿನ ವರ್ಷದ ಅಢಾವೆಯ ಮೊತ್ತ ತಾಳೆಯಾಗುವುದೇ ಎಂದು ನೋಡಬೇಕು. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕು, 1908ರಲ್ಲಿ ವಡೋದರಾದಲ್ಲಿ ಹುಟ್ಟಿದ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾದುದು 2019ರ ಏಪ್ರಿಲ್ 1ರಂದು. ಆದರೆ ಎಲ್ಲ ಶಾಖೆಗಳ ಲೆಕ್ಕಗಳು ಒಂದೇ ಗಣಕ ವ್ಯವಸ್ಥೆಗೆ ಬರಲು 2020ರ ಕೊನೆಯವರೆಗೆ ಕಾಲ ಹಿಡಿಯಿತು. ದೊಡ್ಡ ಬ್ಯಾಂಕುಗಳೇ ಇಷ್ಟು ಎಚ್ಚರದಿಂದ ಮಾಡುವ ಕೆಲಸವನ್ನು ಅಂಗಡಿಯವರು ಮಾರ್ಚ್ 31ರ ರಾತ್ರಿ ಮಾಡಿ ಮುಗಿಸಲು ಹೊರಡುವುದು ಸಾಹಸವೇ ಸರಿ.

ಕನ್ನಡಿಗರ ಸಂಘಗಳ ಕಪಾಟುಗಳಲ್ಲಿಯೂ ಇಂತಹ ಆಸ್ತಿಯಿರುವುದುಂಟು. ಹಿಂದಿನ ಸ್ಮರಣಸಂಚಿಕೆಗಳ ಬರಹಗಳು, ಸದಸ್ಯರ ಪಟ್ಟಿಗಳು, ನಾಟಕದ ಪ್ರತಿಗಳು ಫ್ಲಾಪಿಗಳಲ್ಲಿ ಅಥವಾ ಯಾರದೋ ಮನೆಯ ಅಟ್ಟದ ಕಂಪ್ಯೂಟರಿನಲ್ಲಿ ಉಳಿದಿರುತ್ತವೆ. 1998ರಲ್ಲಿ ಬಂದ ಬರಹ, ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ನುಡಿ ಮೊದಲಾದವುಗಳ ಹಳೆಯ ಅಕ್ಷರರೂಪಗಳಲ್ಲಿ ಬರೆದುದು ಹೊಸ ಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣಿಸುತ್ತದೆ. ಕಡತ ಕೆಟ್ಟಿದೆಯೆಂದು ಭಾವಿಸಿ ಅಳಿಸಬಾರದು. ಬರಹ, ನುಡಿಗಳ ಪರಿವರ್ತಕಗಳಿಂದ ಅದನ್ನು ಯೂನಿಕೋಡಿಗೆ ತರಬಹುದು. ಅರ್ಕಾವತ್ತು, ಒತ್ತಕ್ಷರಗಳು ಪಲ್ಲಟವಾಗುವ ಸಂಭವವಿರುವುದರಿಂದ ಕನ್ನಡ ಬಲ್ಲ ಹಿರಿಯರೊಬ್ಬರು ಕುಳಿತು ತಿದ್ದಬೇಕಾಗುತ್ತದೆ. ಮಳೆಗಾಲದ ತೇವಕ್ಕೆ ಫ್ಲಾಪಿಗಳಿಗೆ ಬೂಷ್ಟು ಹಿಡಿಯುತ್ತದೆ. ಬಿಳಿಯ ಮಚ್ಚೆ ಕಂಡ ಫ್ಲಾಪಿಯನ್ನು ನೇರವಾಗಿ ಡ್ರೈವಿಗೆ ಹಾಕಿದರೆ ಡ್ರೈವೂ ಕೆಡುತ್ತದೆ, ಆಮೇಲೆ ಹಾಕಿದ ಒಳ್ಳೆಯ ಫ್ಲಾಪಿಗಳೂ ಕೆಡುತ್ತವೆ.

ಆರೋಗ್ಯದ ದೃಷ್ಟಿಯಿಂದ ಎರಡು ಮಾತುಗಳು. ಉಷ್ಣದಿಂದ ಅಚ್ಚಾಗುವ ನುಣುಪು ರಸೀತಿಗಳು, ಎ.ಟಿ.ಎಂ. ಚೀಟಿಗಳು ಬೇಸಗೆಯ ಬಿಸಿಗೆ ಮಾಸಿಹೋಗುತ್ತವೆ. ಅವುಗಳಲ್ಲಿ ಅನೇಕದರ ಲೇಪನದಲ್ಲಿರುವ ಬಿಸ್ಫೆನಾಲ್-ಎ ಎಂಬ ರಾಸಾಯನಿಕ ಚರ್ಮದ ಮೂಲಕ ಅಲ್ಪಪ್ರಮಾಣದಲ್ಲಿ ದೇಹವನ್ನು ಸೇರುವುದರಿಂದ ಯೂರೋಪಿಯನ್ ಒಕ್ಕೂಟವು 2020ರ ಜನವರಿಯಿಂದ ಅದನ್ನು ನಿರ್ಬಂಧಿಸಿದೆ. ದಿನವಿಡೀ ರಸೀತಿ ಹರಿಯುವವರು ಇದನ್ನು ಗಮನಿಸಬೇಕು. ರಿಬ್ಬನ್ನಿನ ಅಚ್ಚಿಗೆ ಈ ದೋಷವಿಲ್ಲ. ಅದರ ದೋಷ ಸದ್ದು. ಪ್ರಿಂಟರಿನ ಕೆಳಗೆ ದಪ್ಪ ಸ್ಪಂಜಿನ ಹಾಸು ಹಾಕಿ, ಗೋಡೆಗೆ ತಾಗದಂತೆ ಇಟ್ಟರೆ ಕಿವಿಗೆ ಬಹಳಷ್ಟು ನೆಮ್ಮದಿ.

ದೀಪಾವಳಿಯಲ್ಲಿ ಗುಜರಾತಿಗಳು ಚೋಪಡಾ ಪೂಜನ ಮಾಡಿ ಲೆಕ್ಕದ ಪುಸ್ತಕಗಳಿಗೆ ಕುಂಕುಮ ಹಚ್ಚುತ್ತಾರೆ. ಕನ್ನಡಿಗರು ಆಯುಧಪೂಜೆಯಂದು ಯಂತ್ರಗಳಿಗೆ ಹಚ್ಚುತ್ತಾರೆ. ಕುಂಕುಮ, ಅಕ್ಷತೆ, ತೀರ್ಥಗಳು ಕೀಬೋರ್ಡಿನ ಸಂದುಗಳಿಗೆ ಇಳಿಯದಂತೆ ಪೆಟ್ಟಿಗೆಯ ಹೊರಮೈಗೆ ಹಚ್ಚಿದರೆ ಪೂಜೆಗೆ ಕುಂದಿಲ್ಲ.

ಯಂತ್ರವು ನಿಜವಾಗಿಯೂ ಮುಗಿದುಹೋದಾಗ ಡಿಸ್ಕನ್ನು ಮೊದಲು ಹೊರತೆಗೆದು, ಅದರ ಮೇಲೆ ಬೇರೆ ದತ್ತಾಂಶವನ್ನು ಪೂರ್ತಿಯಾಗಿ ಬರೆಸಿ ಅಳಿಸಬೇಕು. ಬರಿದೇ 'ಡಿಲೀಟ್' ಮಾಡಿದರೆ ಗಿರಾಕಿಗಳ ಖಾತೆ ಸಂಖ್ಯೆಗಳು ಅಲ್ಲಿಯೇ ಉಳಿದಿರುತ್ತವೆ. 2023ರ ಏಪ್ರಿಲಿನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳಂತೆ ಉಳಿದುದನ್ನು ನೋಂದಾಯಿತ ಮರುಬಳಕೆದಾರರಿಗೆ ಕೊಡಬೇಕು. ಗಾಜಿನ ಮಾನಿಟರಿನಲ್ಲಿ ಸೀಸವಿದೆ, ತಂತಿಗಳನ್ನು ಸುಟ್ಟರೆ ಬರುವ ಹೊಗೆ ವಿಷ.

ಆದರೆ ಕೆಟ್ಟ ಪ್ರಿಂಟರನ್ನು ಕೊಡುವ ಮೊದಲು ಅದರ ಹೆಡ್, ಮೋಟಾರು, ಹಲ್ಲಿನ ಚಕ್ರಗಳನ್ನು ಬಿಚ್ಚಿಟ್ಟುಕೊಳ್ಳುವುದು ಒಳಿತು. ಒಂದೇ ಮಾದರಿಯ ಎರಡು ಕೆಟ್ಟ ಪ್ರಿಂಟರುಗಳಿಂದ ಒಂದು ಒಳ್ಳೆಯದನ್ನು ಮಾಡಬಹುದು. ಹಳೆಯ ಸಾಮಾನನ್ನು ಕನ್ನಡದಲ್ಲಿ ಗುಜರಿ ಎನ್ನುತ್ತಾರೆ. ಅಹಮದಾಬಾದಿನಲ್ಲಿ ಸಾಬರಮತಿಯ ದಂಡೆಯಲ್ಲಿ ಭಾನುವಾರಗಳಂದು ಸೇರುವ ಹಳೆಯ ಸಾಮಾನಿನ ಸಂತೆಯ ಹೆಸರೂ ಗುಜರಿ ಬಜಾರ್. ಬಿಡಿಭಾಗ ಹುಡುಕಿ ಅಲ್ಲಿಗೆ ಹೋಗುವವರು ಪ್ರಿಂಟರಿನ ಹಿಂಬದಿಯ ಮಾದರಿ ಸಂಖ್ಯೆಯನ್ನು ಚೀಟಿಯಲ್ಲಿ ಬರೆದುಕೊಂಡು, ಬಿಸಿಲೇರುವ ಮುನ್ನ ಹೋಗುವುದು ಉತ್ತಮ.